ಓದುಗರ ಪ್ರಶ್ನೆ: ಗುಲಾಬಿ ತೋಟದ ಎದುರಿಗೇ ಸಬ್‌ಮರೀನ್

ಹೋದ ತಿಂಗಳ ಸಂಚಿಕೆಯಲ್ಲಿ ಜಪಾನಿನ ಯೊಕೊಸುಕಾ ಊರಿನ ವೆರ್ನಿ ಪಾರ್ಕಿನ ಒಂದು ಫೋಟೊ ಹಾಕಿದ್ದೆವು. ಮುಂದೆ ಕೆಂಪು ಗುಲಾಬಿ, ಹಿಂದೆ ಸಮುದ್ರ, ಅದರಾಚೆ ದಡದಲ್ಲಿ ಕಪ್ಪಗೆ ಮಲಗಿರುವ ಸಬ್‌ಮರೀನ್. ಕೆಳಗೆ ನಾನು ಬರೆದಿದ್ದು ಎರಡೇ ಸಾಲು. ಅಷ್ಟಕ್ಕೇ ಪತ್ರಗಳು, ವಾಟ್ಸಾಪ್ ಸಂದೇಶಗಳು ಬಂದು ಬಿದ್ದಿವೆ. ಅದರಲ್ಲೂ ಚಿಕ್ಕಬಳ್ಳಾಪುರ ಜಿಲ್ಲೆಯವರದ್ದೇ ಜಾಸ್ತಿ. ದೇವನಹಳ್ಳಿ ವಿಮಾನ ನಿಲ್ದಾಣ ಪಕ್ಕದಲ್ಲೇ ಇದೆ, ಅಲ್ಲಿಂದ ಟೋಕಿಯೊಗೆ ನೇರ ವಿಮಾನವೂ ಇದೆ, ಆ ಧೈರ್ಯಕ್ಕೋ ಏನೋ. ಈ ಸಲ ಪೂರ್ತಿ ಜಾಗ ಆ ಪಾರ್ಕಿಗೇ.

ಪ್ರ: ಮೇಡಂ, ನಮ್ಮ ಮಗಳು ಅಳಿಯ ಯೊಕೊಹಾಮಾದಲ್ಲಿದ್ದಾರೆ. ಮೇ ತಿಂಗಳಲ್ಲಿ ನಾನು, ನಮ್ಮ ಯಜಮಾನರು, ಜೊತೆಗೆ ಅತ್ತೆಯವರು ಹೋಗುತ್ತಿದ್ದೇವೆ. ಅತ್ತೆಗೆ ಮಂಡಿ ನೋವು, ಮೆಟ್ಟಿಲು ಹತ್ತೋಕೆ ಆಗಲ್ಲ. ಅವರನ್ನು ಈ ಪಾರ್ಕಿಗೆ ಕರೆದುಕೊಂಡು ಹೋಗಬಹುದಾ? ಎಷ್ಟು ಹೊತ್ತು ಬೇಕಾಗುತ್ತೆ?
— ಗೃಹಿಣಿ, ಚಿಕ್ಕಬಳ್ಳಾಪುರ

ಉ: ಧಾರಾಳವಾಗಿ ಕರೆದುಕೊಂಡು ಹೋಗಿ. ಮಂಡಿ ನೋವಿನವರಿಗೆ ಇದಕ್ಕಿಂತ ಸಲೀಸಾದ ಜಾಗ ಆ ಕಡೆ ಸಿಗುವುದು ಕಷ್ಟ. ನೀವು ಇಳಿಯಬೇಕಾದ ಜೆಆರ್ (ಜಪಾನ್ ರೈಲ್ವೆ) ಯೊಕೊಸುಕಾ ಸ್ಟೇಷನ್ನಿನಲ್ಲಿ ಮೆಟ್ಟಿಲೇ ಇಲ್ಲ. ಟ್ರೇನಿನಿಂದ ಪ್ಲಾಟ್‌ಫಾರಂಗೆ ಇಳಿದರೆ ಅದೇ ಮಟ್ಟದಲ್ಲಿ ನಡೆದುಕೊಂಡು ಟಿಕೆಟ್ ಗೇಟು ದಾಟಿ ರಸ್ತೆಗೆ ಬಂದುಬಿಡಬಹುದು. 1889ರಲ್ಲಿ ಶುರುವಾದ ಸ್ಟೇಷನ್ ಅದು, ನೌಕಾಪಡೆಗೋಸ್ಕರವೇ ಅಲ್ಲಿಯವರೆಗೆ ಹಳಿ ಹಾಕಿದ್ದರು. ಸ್ಟೇಷನ್ನಿನಿಂದ ಹೊರಗೆ ಬಂದರೆ ಪಾರ್ಕು ಅಲ್ಲೇ. ಯೊಕೊಹಾಮಾದಿಂದ ಮುಕ್ಕಾಲು ಗಂಟೆ ಅಂದುಕೊಳ್ಳಿ.

ಪಾರ್ಕು ಅಂದ ತಕ್ಷಣ ಕಬ್ಬನ್ ಪಾರ್ಕಿನ ಥರ ದೊಡ್ಡದು ಅಂದುಕೊಳ್ಳಬೇಡಿ. ದಡದ ಉದ್ದಕ್ಕೂ ಹಾಸಿದ ಒಂದು ಪಟ್ಟಿ, ಅಷ್ಟೇ. ನೀರಿನ ಪಕ್ಕಕ್ಕೆ ಮರದ ಹಲಗೆ ಜೋಡಿಸಿದ ಕಾಲುದಾರಿ, ಅದರ ಪಕ್ಕ ಬೆಂಚುಗಳು, ಒಳಗಡೆ ಫ್ರೆಂಚ್ ಮಾದರಿಯಲ್ಲಿ ಅಚ್ಚುಕಟ್ಟಾಗಿ ಕತ್ತರಿಸಿದ ಗುಲಾಬಿ ಪಾತಿಗಳು, ಕಾರಂಜಿಗಳು. ನೆಲ ಪೂರ್ತಿ ಸಮತಟ್ಟು. ದುಡ್ಡೂ ಕೊಡಬೇಕಿಲ್ಲ. ಅತ್ತೆಯವರನ್ನು ಒಂದು ಬೆಂಚಿನ ಮೇಲೆ ಕೂರಿಸಿದರೆ ಎಡಗಡೆಗೆ ಜಪಾನಿನ ಯುದ್ಧನೌಕೆ, ಎದುರಿಗೆ ಅಮೆರಿಕದ ನೌಕಾನೆಲೆ, ಬೆನ್ನ ಹಿಂದೆ ಹೂವು. ಕೂತಲ್ಲೇ ಎಲ್ಲಾ ಕಾಣಿಸುತ್ತದೆ. ಟಾಯ್ಲೆಟ್ ಕೂಡ ಹತ್ತಿರದಲ್ಲೇ ಇದೆ, ವಯಸ್ಸಾದವರ ಜೊತೆ ಹೋಗುವಾಗ ಮೊದಲು ನೋಡಿಕೊಳ್ಳಬೇಕಾದದ್ದು ಅದನ್ನೇ ಅಲ್ವಾ. ಪಾರ್ಕಿನ ಇನ್ನೊಂದು ತುದಿಗೆ ಶಾಪಿಂಗ್ ಮಾಲ್ ಇದೆ, ಸೆಖೆ ಆದರೆ ಒಳಗೆ ಹೋಗಿ ಕೂರಬಹುದು. ಬರೀ ಪಾರ್ಕಿಗೆ ಎರಡು ಗಂಟೆ ಸಾಕು. ಮ್ಯೂಸಿಯಂ, ಬೋಟು ಎಲ್ಲಾ ಸೇರಿಸಿದರೆ ಅರ್ಧ ದಿನ.

ಮೇ ತಿಂಗಳ ಮೊದಲ ವಾರ ಮಾತ್ರ ಬೇಡ. ಏಪ್ರಿಲ್ ಕೊನೆಯಿಂದ ಮೇ 5ರ ತನಕ ಜಪಾನಿನಲ್ಲಿ ಸಾಲು ಸಾಲು ರಜೆ, ಇಡೀ ದೇಶವೇ ರಸ್ತೆಯಲ್ಲಿರುತ್ತದೆ. ಗುಲಾಬಿ ಚೆನ್ನಾಗಿ ಅರಳುವುದೂ ಅದಾದ ಮೇಲೆಯೇ.

ಪ್ರ: ನಾವು ನಂದಿ ಬೆಟ್ಟದ ತಪ್ಪಲಲ್ಲಿ ಮಿರಾಬಲ್ ರೋಜ್ ಬೆಳೆಯುತ್ತೇವೆ, ಸ್ವಲ್ಪ ಪಾಲಿಹೌಸ್ ಕೂಡ ಇದೆ. ಆ ಪಾರ್ಕಿನಲ್ಲಿ ಎಂಥೆಂಥ ಗುಲಾಬಿ ಇದೆ? ಸಮುದ್ರದ ಉಪ್ಪು ಗಾಳಿಗೆ ಹೇಗೆ ಬದುಕಿದೆ? ಬರುವಾಗ ಒಂದೆರಡು ಕಡ್ಡಿ ತರಬಹುದಾ?
— ಹೂವಿನ ಬೆಳೆಗಾರ, ಚಿಕ್ಕಬಳ್ಳಾಪುರ ತಾಲ್ಲೂಕು

ಉ: ಕೊನೆಯ ಪ್ರಶ್ನೆಗೆ ಮೊದಲು ಉತ್ತರ: ತರಬೇಡಿ. ಪಾರ್ಕಿನ ಗಿಡದಿಂದ ಕಡ್ಡಿ ಮುರಿಯುವುದು ಅಲ್ಲಿ ಕಳ್ಳತನ. ಇನ್ನು ದುಡ್ಡು ಕೊಟ್ಟು ನರ್ಸರಿಯಲ್ಲಿ ಕೊಂಡರೂ ಸುಮ್ನೆ ಬ್ಯಾಗಿನಲ್ಲಿ ಹಾಕಿಕೊಂಡು ಬರುವ ಹಾಗಿಲ್ಲ. ನಮ್ಮ ದೇಶದ 2003ರ ಸಸ್ಯ ಕ್ವಾರಂಟೈನ್ ಆದೇಶದ ಪ್ರಕಾರ ಆಮದು ಪರ್ಮಿಟ್ ಬೇಕು, ಆ ಕಡೆಯ ಸರ್ಕಾರದಿಂದ ರೋಗ ಇಲ್ಲ ಅನ್ನೋ ಸರ್ಟಿಫಿಕೇಟ್ ಬೇಕು. ಹೊರಗಿನಿಂದ ಬಂದ ಒಂದು ಹುಳ ಇಡೀ ಸೀಮೆಯ ತೋಟ ತಿಂದ ಕಥೆ ನಿಮಗೆ ನಾನು ಹೇಳಬೇಕಾಗಿಲ್ಲ.

ಗಿಡಗಳು ಸಾವಿರಕ್ಕೂ ಜಾಸ್ತಿ ಇವೆ. ನೂರಕ್ಕೂ ಹೆಚ್ಚು ತಳಿ. ನಾವು ಬೆಳೆಯುವ ಹಾಗೆ ಕೆ.ಜಿ. ಲೆಕ್ಕದ ಬಿಡಿ ಹೂವೂ ಅಲ್ಲ, ಬಂಚ್ ಕಟ್ಟುವ ಉದ್ದ ಕಡ್ಡಿಯ ಹೂವೂ ಅಲ್ಲ. ನೋಡುವುದಕ್ಕೆ ಅಂತಲೇ ಬೆಳೆಸಿದ್ದು: ಗೊಂಚಲು ಬಿಡುವವು, ಕಮಾನಿಗೆ ಹಬ್ಬಿಸಿದ ಬಳ್ಳಿ ಗುಲಾಬಿ, ಒಂದೊಂದಾಗಿ ಅರಳುವ ದಪ್ಪ ಹೂವಿನವು. ವರ್ಷಕ್ಕೆ ಎರಡು ಸುಗ್ಗಿ. ಮೇ ಮಧ್ಯದಿಂದ ಜೂನ್ ಮೊದಲ ವಾರದ ತನಕ ಒಂದು, ಅಕ್ಟೋಬರ್ ಮಧ್ಯದಿಂದ ನವೆಂಬರ್ ತನಕ ಇನ್ನೊಂದು. ವರ್ಷಪೂರ್ತಿ ಹೂವು ಕೀಳುವ ನಿಮಗೆ ಇದು ವಿಚಿತ್ರ ಅನ್ನಿಸಬಹುದು. ಅಲ್ಲಿ ಚಳಿಗಾಲದಲ್ಲಿ ಗಿಡ ನಿದ್ದೆಗೆ ಹೋಗುತ್ತದೆ. ಜನವರಿ–ಫೆಬ್ರವರಿಯಲ್ಲಿ ಜೋರಾಗಿ ಪ್ರೂನಿಂಗ್ ಮಾಡಿದರೆ ಮೇನಲ್ಲಿ ಹೂವು, ಆಗಸ್ಟ್ ಕೊನೆಗೆ ಸೆಪ್ಟೆಂಬರ್ ಶುರುವಿಗೆ ಹಗುರಾಗಿ ಸವರಿದರೆ ಅಕ್ಟೋಬರಿನಲ್ಲಿ ಮತ್ತೆ. ಮೇ ಹೂವು ಮೈತುಂಬ, ಅಕ್ಟೋಬರಿನದ್ದು ಕಡಿಮೆ, ಆದರೆ ಬಣ್ಣ ಗಾಢ. ನನ್ನ ಕೇಳಿದರೆ ಅಕ್ಟೋಬರಿನದ್ದೇ ಚೆಂದ.

ಉಪ್ಪು ಗಾಳಿಯ ವಿಷಯ. ಯೊಕೊಸುಕಾ ಬಂದರು ತೆರೆದ ಸಮುದ್ರಕ್ಕೆ ಮುಖ ಮಾಡಿಲ್ಲ. ಸುತ್ತ ಗುಡ್ಡ, ಒಳಗೆ ನುಗ್ಗಿದ ಕೊಲ್ಲಿ. ಅಲೆ ಅನ್ನುವುದೇ ಇಲ್ಲ, ಕೆರೆಯ ನೀರಿನ ಹಾಗೆ ಇರುತ್ತದೆ. ಗುಲಾಬಿಗೆ ಬೇಕಾದದ್ದೂ ಅದೇ, ಹಡಗಿಗೆ ಬೇಕಾದದ್ದೂ ಅದೇ.

ಪ್ರ: ಜಪಾನಿನ ಪಾರ್ಕಿಗೆ ವೆರ್ನಿ ಅಂತ ಹೆಸರು ಯಾಕೆ? ಅದು ಜಪಾನಿ ಹೆಸರಿನ ಹಾಗಿಲ್ಲ. ಯಾರು ಈ ವೆರ್ನಿ?
— ರೇಷ್ಮೆ ರೀಲರ್, ಶಿಡ್ಲಘಟ್ಟ

ಉ: ಈ ಪ್ರಶ್ನೆ ಶಿಡ್ಲಘಟ್ಟದಿಂದಲೇ ಬಂದದ್ದು ನನಗೆ ಬಹಳ ಖುಷಿ. ಯಾಕೆ ಅಂತ ಕೊನೆಯಲ್ಲಿ ಗೊತ್ತಾಗುತ್ತದೆ, ಸ್ವಲ್ಪ ತಾಳ್ಮೆಯಿಂದ ಓದಿ.

ಫ್ರಾನ್ಸುವಾ ಲಿಯೋನ್ಸ್ ವೆರ್ನಿ ಫ್ರಾನ್ಸಿನ ಹಡಗು ಎಂಜಿನಿಯರ್. ಹುಟ್ಟಿದ್ದು 1837, ತೀರಿಕೊಂಡದ್ದು 1908. 1865ರಲ್ಲಿ ಯೊಕೊಸುಕಾದಲ್ಲಿ ಕಬ್ಬಿಣದ ಕಾರ್ಖಾನೆ ಮತ್ತು ಹಡಗುಕಟ್ಟೆ ಕಟ್ಟುವ ಕೆಲಸ ಇವನ ಕೈಗೆ ಬಂತು. ಆಗ ವಯಸ್ಸು ಮೂವತ್ತೂ ಆಗಿರಲಿಲ್ಲ. 1853ರಲ್ಲಿ ಅಮೆರಿಕದ ನೌಕಾಪಡೆಯ ಅಧಿಕಾರಿ ಪೆರಿ ತನ್ನ ಕಪ್ಪು ಹಡಗುಗಳನ್ನು ತಂದು ನಿಲ್ಲಿಸಿದ್ದು ಇದೇ ಸೀಮೆಯ ಉರಾಗಾದ ಮುಂದೆ. ಹೊಗೆ ಉಗುಳುವ ಆ ಹಡಗು ನೋಡಿದ ಮೇಲೆ, ನಮ್ಮದೂ ಅಂಥದ್ದು ಬೇಕು ಅನ್ನುವ ಆತುರ ಆಗ ಜಪಾನನ್ನು ಆಳುತ್ತಿದ್ದ ಶೋಗುನ್ (ಸೇನಾಧಿಪತಿ) ಸರ್ಕಾರಕ್ಕೆ ಹತ್ತಿತು. ಅದಕ್ಕೆ ಹಟ ಹಿಡಿದು ನಿಂತವನು ಹಣಕಾಸು ನೋಡಿಕೊಳ್ಳುತ್ತಿದ್ದ ಒಗುರಿ ತಾದಮಾಸಾ ಎಂಬ ಅಧಿಕಾರಿ. 1860ರಲ್ಲಿ ಅಮೆರಿಕಕ್ಕೆ ಹೋದ ರಾಯಭಾರಿಗಳ ಗುಂಪಿನಲ್ಲಿ ಇವನೂ ಇದ್ದ. ವಾಷಿಂಗ್ಟನ್ನಿನ ನೌಕಾ ಕಾರ್ಖಾನೆ ಸುತ್ತಿ ನೋಡಿ, ಬರುವಾಗ ನೆನಪಿಗೆ ಅಂತ ತಂದದ್ದು ಒಂದು ಸ್ಕ್ರೂ! ಇಂಥ ಪುಟ್ಟ ಸ್ಕ್ರೂವನ್ನು ಒಂದೇ ಅಳತೆಯಲ್ಲಿ ರಾಶಿ ರಾಶಿ ಮಾಡುವ ದೇಶಕ್ಕೂ ತಮಗೂ ಎಷ್ಟು ದೂರ ಇದೆ ಅಂತ ಅವನಿಗೆ ಅಲ್ಲೇ ಹೊಳೆದಿತ್ತು. ಯೊಕೊಸುಕಾದ ಯೋಜನೆಗೆ ಇಟ್ಟ ದುಡ್ಡು ನಾಲ್ಕು ವರ್ಷಕ್ಕೆ 24 ಲಕ್ಷ ಡಾಲರ್. ಮುಳುಗುತ್ತಿರುವ ಸರ್ಕಾರಕ್ಕೆ ಇಷ್ಟು ಖರ್ಚು ಯಾಕೆ ಅಂದವರಿಗೆ, ಮನೆ ಮಾರುವ ಕಾಲ ಬಂದರೂ ಉಗ್ರಾಣ ಸಮೇತ ಮಾರಿದ ಗೌರವ ಉಳಿಯುತ್ತದೆ ಅಂತ ಹೇಳಿದ್ದನಂತೆ. ಆದದ್ದೂ ಹಾಗೇ. 1868ರಲ್ಲಿ ಶೋಗುನ್ ಸರ್ಕಾರ ಬಿತ್ತು, ಹೊಸ ಸರ್ಕಾರದವರು ಒಗುರಿಯ ತಲೆ ತೆಗೆದರು, ಆದರೆ ಕಾರ್ಖಾನೆಯನ್ನು ಮಾತ್ರ ಇಟ್ಟುಕೊಂಡು ಮುಂದುವರಿಸಿದರು. ಪಾರ್ಕಿನಲ್ಲಿ ವೆರ್ನಿ ಮತ್ತು ಒಗುರಿ ಇಬ್ಬರ ಎದೆಮಟ್ಟದ ಪ್ರತಿಮೆಗಳೂ ಇವೆ. ಹೆಚ್ಚಿನವರು ಗುಲಾಬಿಯ ಫೋಟೊ ಹೊಡೆದುಕೊಂಡು ಅವರನ್ನು ದಾಟಿ ಹೋಗುತ್ತಾರೆ.

ಈಗ ನಿಮ್ಮ ಕಸುಬಿಗೆ ಬರೋಣ. ಇಂಗ್ಲೆಂಡ್, ಅಮೆರಿಕ ಎಲ್ಲಾ ಬಿಟ್ಟು ಫ್ರಾನ್ಸ್ ಯಾಕೆ ಮುಂದೆ ಬಂತು? ಆ ಹೊತ್ತಿಗೆ ಫ್ರಾನ್ಸಿನ ರೇಷ್ಮೆ ಹುಳು ಗಂಟು ರೋಗದಿಂದ ಸಾಯುತ್ತಿತ್ತು. ನೀವೆಲ್ಲ ಪೆಬ್ರಿನ್ ಅನ್ನುತ್ತೀರಲ್ಲ, ಅದೇ. ಲಿಯಾನ್ ಊರಿನ ಮಗ್ಗಗಳಿಗೆ ನೂಲಿಲ್ಲ. ಲೂಯಿ ಪಾಶ್ಚರ್ ಆ ರೋಗದ ಬೆನ್ನು ಹತ್ತಿದ್ದು ಇದೇ 1865ರಲ್ಲಿ. ಇವತ್ತಿಗೂ ಮೊಟ್ಟೆ ಕೇಂದ್ರಗಳಲ್ಲಿ ತಾಯಿ ಚಿಟ್ಟೆಯನ್ನು ಅರೆದು ಮೈಕ್ರೊಸ್ಕೋಪಿನಲ್ಲಿ ನೋಡುತ್ತಾರಲ್ಲ, ಅದು ಅವನಿಂದ ಬಂದದ್ದು. ರೋಗವಿಲ್ಲದ ಮೊಟ್ಟೆ, ಒಳ್ಳೆ ಕಚ್ಚಾ ರೇಷ್ಮೆ ಆಗ ಸಿಗುತ್ತಿದ್ದುದು ಜಪಾನಿನಲ್ಲಿ. ಅದಕ್ಕೇ ಫ್ರಾನ್ಸಿನ ರಾಯಭಾರಿ ಲಿಯೋನ್ ರೋಶ್ ಶೋಗುನ್ ಸರ್ಕಾರಕ್ಕೆ ತೀರಾ ಹತ್ತಿರವಾದ. ಹಡಗುಕಟ್ಟೆಯ ಮಾತುಕತೆ ಕುದುರಿದ್ದರ ಹಿಂದೆ ಈ ರೇಷ್ಮೆಯ ಆಸೆಯೂ ಇತ್ತು. ಇನ್ನೊಂದು ತಮಾಷೆ, ವೆರ್ನಿಯ ಸ್ವಂತ ಊರು ಓಬೆನಾ. ಅದೂ ರೇಷ್ಮೆ ಊರೇ.

ಇಲ್ಲಿಗೇ ಮುಗಿಯಲಿಲ್ಲ. ಯೊಕೊಸುಕಾ ಕಾರ್ಖಾನೆಯಲ್ಲಿ ನಕ್ಷೆ ಬರೆಯುತ್ತಿದ್ದ ಬಾಸ್ಟಿಯಾನ್ ಎಂಬ ಫ್ರೆಂಚ್‌ನವನೇ ಮುಂದೆ ತೊಮಿಯೊಕಾ ರೇಷ್ಮೆ ಕಾರ್ಖಾನೆಯ ಕಟ್ಟಡಗಳ ನಕ್ಷೆ ಮಾಡಿಕೊಟ್ಟ. 1872ರಲ್ಲಿ ಶುರುವಾದ, ಉಗಿ ಯಂತ್ರದ ದೊಡ್ಡ ರೀಲಿಂಗ್ ಘಟಕ. ಜಪಾನ್ ರೇಷ್ಮೆಯಲ್ಲಿ ಮುಂದೆ ಹೋಗಿದ್ದಕ್ಕೆ ಅದೂ ಒಂದು ಕಾರಣ. 1987ರ ತನಕ ನಡೆಯಿತು, 2014ರಿಂದ ಯುನೆಸ್ಕೊ ಪಟ್ಟಿಯಲ್ಲಿದೆ. ಬೆಂಗಳೂರಿನಲ್ಲಿ ಟಾಟಾ ಸಿಲ್ಕ್ ಫಾರ್ಮ್ ಅಂತ ಬಸ್ ಸ್ಟಾಪ್ ಇದೆಯಲ್ಲ, ಅಲ್ಲಿ ಜಮ್‌ಷೆಡ್‌ಜಿ ಟಾಟಾ ಜಪಾನಿನಿಂದ ತಿಳಿದವರನ್ನು ಕರೆಸಿದ್ದರು. ಆಮೇಲೆ 1990ರ ದಶಕದಲ್ಲಿ ಜಪಾನ್ ನೆರವಿನಲ್ಲೇ ನಮ್ಮಲ್ಲಿ ಬೈವೋಲ್ಟೈನ್ ಗೂಡು (ವರ್ಷಕ್ಕೆ ಎರಡು ಪೀಳಿಗೆ ಬರುವ ತಳಿಯದ್ದು) ಊರೂರಿಗೆ ಬಂತು. ಹಾಗಾಗಿ ನೀವು ಜಪಾನಿಗೆ ಹೋದರೆ ಯೊಕೊಸುಕಾಕ್ಕೆ ಅರ್ಧ ದಿನ ಇಡಿ, ತೊಮಿಯೊಕಾಕ್ಕೆ ಪೂರ್ತಿ ಒಂದು ದಿನ ಇಡಿ. ಎರಡೂ ಒಂದೇ ಕಡೆ ಇಲ್ಲ, ತೊಮಿಯೊಕಾ ಟೋಕಿಯೊದಿಂದ ವಾಯುವ್ಯಕ್ಕೆ, ಯೊಕೊಸುಕಾ ದಕ್ಷಿಣಕ್ಕೆ.

ವೆರ್ನಿ 1876ರಲ್ಲಿ ವಾಪಸ್ ಹೊರಟ. ಹನ್ನೊಂದು ವರ್ಷದಲ್ಲಿ ಹಡಗುಕಟ್ಟೆ, ಲೈಟ್‌ಹೌಸ್, ಕೆಲಸ ಕಲಿಸುವ ಶಾಲೆ ಎಲ್ಲಾ ಆಗಿತ್ತು. ಕಾರ್ಖಾನೆಗೆ ನೀರು ಸಾಲದೆ ಹೋದಾಗ ಹಾಶಿರಿಮಿಜು ಎಂಬಲ್ಲಿ ಒರತೆ ಕಂಡು ಅಲ್ಲಿಂದ ಸುಮಾರು 7 ಕಿ.ಮೀ. ಪೈಪ್ ಹಾಕಿಸಿದ. ನೀರಿನ ಪೈಪ್‌ಲೈನ್ ಅಂದರೆ ನಮ್ಮ ಬಯಲುಸೀಮೆಯವರ ಕಿವಿ ನೆಟ್ಟಗಾಗುತ್ತದೆ ಅಂತ ಇದನ್ನೂ ಹೇಳಿದೆ.

ಪ್ರ: ನಂದಿ ಬೆಟ್ಟ ಪಕ್ಕದಲ್ಲಿಟ್ಟುಕೊಂಡು ಹೂವು ನೋಡೋಕೆ ಜಪಾನಿಗೆ ಹೋಗಬೇಕಾ ಅಕ್ಕ?
— ಹೆಸರು ಬೇಡ, ಗುಡಿಬಂಡೆ

ಉ: ಬೇಡ. ನಂದಿಗೇ ಹೋಗಿ. ಶನಿವಾರ ಭಾನುವಾರ ಬಿಟ್ಟು.

ಪ್ರ: ನನ್ನ ಮಗ ಎಂಟನೇ ಕ್ಲಾಸು, ಯುದ್ಧನೌಕೆ ಹುಚ್ಚು. ಪಾರ್ಕಿನಿಂದ ಏನೇನು ಕಾಣುತ್ತೆ? ಫೋಟೊ ತೆಗೆದರೆ ಹಿಡಿದುಕೊಂಡು ಹೋಗ್ತಾರಾ? ಕಾರವಾರದಲ್ಲಿ ಬಯ್ಸಿಕೊಂಡ ಅನುಭವ ಇದೆ.
— ಶಿಕ್ಷಕ, ಬಾಗೇಪಲ್ಲಿ

ಉ: ಪಾರ್ಕಿನಿಂದ ಫೋಟೊ ತೆಗೆಯಬಹುದು. ತೋಳುದ್ದ ಲೆನ್ಸ್ ಹಾಕಿಕೊಂಡು ಬೆಳಿಗ್ಗೆಯಿಂದ ಕಾಯುವವರೇ ಅಲ್ಲಿರುತ್ತಾರೆ. ಆದರೆ ನೆಲೆಯ ಗೇಟಿನ ಹತ್ತಿರ, ಕಾವಲುಗಾರರ ಮುಖಕ್ಕೆ ಕ್ಯಾಮೆರಾ ಹಿಡಿಯಬೇಡಿ. ಡ್ರೋನ್ ಅಂತೂ ಬ್ಯಾಗಿನಿಂದ ಹೊರಗೆ ತೆಗೆಯಲೇಬೇಡಿ, ನೆಲೆಗಳ ಮೇಲೆ ಹಾರಿಸುವುದು ಕಾನೂನು ಪ್ರಕಾರ ಅಪರಾಧ. 2024ರಲ್ಲಿ ಇಜುಮೊ ಎಂಬ ದೊಡ್ಡ ನೌಕೆಯ ಮೇಲೆ ಯಾರೋ ಡ್ರೋನ್ ಹಾರಿಸಿ ತೆಗೆದ ವಿಡಿಯೊ ಹೊರಗೆ ಬಂದು ಅಲ್ಲಿ ದೊಡ್ಡ ರಾದ್ಧಾಂತವೇ ಆಗಿತ್ತು.

ಮಗನಿಗೆ ಒಂದು ಕೆಲಸ ಕೊಡಿ. ಎದುರು ದಡದಲ್ಲಿ ಜಪಾನಿನ ಸಬ್‌ಮರೀನ್‌ಗಳು ಕಟ್ಟಿರುತ್ತವೆ. ಮುಕ್ಕಾಲು ಭಾಗ ನೀರೊಳಗೆ, ಮೇಲೆ ಕಾಣುವುದು ಉದ್ದನೆಯ ಕಪ್ಪು ಬೆನ್ನು, ನಡುವೆ ಒಂದು ಗೋಪುರ. ಮೈಮೇಲೆ ನಂಬರ್ ಬರೆದಿರುವುದಿಲ್ಲ, ಹಾಗಾಗಿ ಯಾವುದು ಅಂತ ಓದಿ ತಿಳಿಯುವ ಹಾಗಿಲ್ಲ. ಬಾಲ ನೋಡಬೇಕು. ನೀರಿನಿಂದ ಒಂದೇ ರೆಕ್ಕೆ ನೆಟ್ಟಗೆ ಎದ್ದು ನಿಂತಿದ್ದರೆ ಅದು ಹಳೆಯ ಒಯಾಶಿಯೊ ವರ್ಗ, ಅದರ ಚುಕ್ಕಾಣಿ ಕೂಡು ಗುರುತಿನ ಆಕಾರ. ಎರಡು ರೆಕ್ಕೆ ಓರೆಯಾಗಿ ಆಚೆ ಈಚೆ ಚಾಚಿದ್ದರೆ ಗುಣಿಸು ಗುರುತಿನ ಆಕಾರ, ಅದು ಸೊರ್ಯು ಅಥವಾ ತಾಯ್ಗೇ ವರ್ಗ. ತಾಯ್ಗೇ ಹೊಸದು, ಮೊದಲನೆಯದು ಸೇವೆಗೆ ಸೇರಿದ್ದು 2022ರಲ್ಲಿ, ಲಿಥಿಯಂ ಅಯಾನ್ ಬ್ಯಾಟರಿಯಲ್ಲಿ ಓಡುತ್ತದೆ. ಜಪಾನಿನ ಬಳಿ ಅಣುಶಕ್ತಿಯ ಸಬ್‌ಮರೀನ್ ಇಲ್ಲ. ಬೈನಾಕ್ಯುಲರ್ ಇದ್ದರೆ ತಗೊಂಡು ಹೋಗಿ, ಹುಡುಗ ಅಲ್ಲಿಂದ ಏಳುವುದಿಲ್ಲ.

ಬೆಳಿಗ್ಗೆ ಎಂಟಕ್ಕೆ ಮುಂಚೆ ಅಲ್ಲಿರಲು ಸಾಧ್ಯವಾದರೆ ಇನ್ನೂ ಒಳ್ಳೆಯದು. ಸರಿಯಾಗಿ ಎಂಟಕ್ಕೆ ಜಪಾನಿನ ನೌಕೆಗಳಲ್ಲಿ ಕಹಳೆ ಊದಿ ಬಾವುಟ ಏರಿಸುತ್ತಾರೆ. ಅದೇ ಹೊತ್ತಿಗೆ ಅಮೆರಿಕದ ನೆಲೆಯಲ್ಲೂ ಬಾವುಟ ಏರುತ್ತದೆ.

ಹತ್ತಿರದಿಂದ ನೋಡಬೇಕಾದರೆ ಬಂದರು ಸುತ್ತಿಸುವ ಬೋಟು ಇದೆ. ಪಾರ್ಕಿನ ಪಕ್ಕದಲ್ಲೇ ಹತ್ತಬೇಕು, 45 ನಿಮಿಷ, ಎರಡು ಸಾವಿರ ಯೆನ್ ಆಸುಪಾಸು. ವಿವರಣೆ ಜಪಾನಿ ಭಾಷೆಯಲ್ಲಿ, ಆದರೆ ಕೈ ತೋರಿಸುವುದನ್ನು ನೋಡಿದರೆ ಸಾಕು. ರಜಾ ದಿನ ಟಿಕೆಟ್ ಬೇಗ ಖಾಲಿ, ಮೊದಲೇ ಬುಕ್ ಮಾಡಿ. ಪಾರ್ಕಿನೊಳಗೆ ಮುತ್ಸು ಎಂಬ ಹಳೆಯ ಯುದ್ಧನೌಕೆಯ ತೋಪಿನ ನಳಿಕೆಯನ್ನು ಮಲಗಿಸಿಟ್ಟಿದ್ದಾರೆ, ಬಾಯಿಯ ಅಗಲ 41 ಸೆಂ.ಮೀ. ಯೊಕೊಸುಕಾದಲ್ಲೇ ಕಟ್ಟಿದ ನೌಕೆ, 1943ರಲ್ಲಿ ಲಂಗರು ಹಾಕಿ ನಿಂತಿದ್ದಾಗಲೇ ಒಳಗೆ ಸ್ಫೋಟವಾಗಿ ಸಾವಿರಕ್ಕೂ ಹೆಚ್ಚು ಜನರ ಸಮೇತ ಮುಳುಗಿತು. ಮಗನಿಗೆ ಆಟದ ಹುಚ್ಚು ಮಾತ್ರ ಇರದೆ ಈ ಲೆಕ್ಕವೂ ಗೊತ್ತಿರಲಿ.

ಇನ್ನೂ ಕಾಲಿಗೆ ಶಕ್ತಿ ಇದ್ದರೆ ಅಲ್ಲಿಂದ ಅರ್ಧ ಗಂಟೆ ನಡೆದರೆ ಮಿಕಾಸಾ ಪಾರ್ಕ್. ಇಂಗ್ಲೆಂಡಿನಲ್ಲಿ ಕಟ್ಟಿ 1902ರಲ್ಲಿ ಜಪಾನಿಗೆ ಬಂದ ಮಿಕಾಸಾ ನೌಕೆಯನ್ನೇ ಅಲ್ಲಿ ನಿಲ್ಲಿಸಿದ್ದಾರೆ, ಒಳಗೆ ಹತ್ತಿ ಓಡಾಡಬಹುದು. 1905ರ ತ್ಸುಶಿಮಾ ಕದನದಲ್ಲಿ ರಷ್ಯಾದ ನೌಕಾಪಡೆಯನ್ನು ಸೋಲಿಸಿದ ಅಡ್ಮಿರಲ್ ತೋಗೊ ಇದ್ದ ನೌಕೆ ಅದು. ಕಾರವಾರದ ಐಎನ್‌ಎಸ್ ಚಾಪೆಲ್ ನೋಡಿದ ಹುಡುಗನಿಗೆ ಇದರ ಗಾತ್ರ ನೋಡಿ ಬಾಯಿ ಮುಚ್ಚುವುದಿಲ್ಲ.

ಪ್ರ: ಹಿರೋಶಿಮಾ, ನಾಗಾಸಾಕಿ ಮೇಲೆ ಬಾಂಬ್ ಹಾಕಿದ ದೇಶದ ಸೈನ್ಯ ಇನ್ನೂ ಅಲ್ಲೇ ಇರೋದನ್ನು ಜನ ಹೇಗೆ ಒಪ್ಪುತ್ತಾರೆ?
— ಬಿ.ಎ. ವಿದ್ಯಾರ್ಥಿನಿ, ಗೌರಿಬಿದನೂರು

ಉ: ಎಲ್ಲರೂ ಒಪ್ಪುವುದಿಲ್ಲ. 1945ರ ಆಗಸ್ಟ್ 30ಕ್ಕೆ ಅಮೆರಿಕದವರು ಯೊಕೊಸುಕಾ ನೆಲೆಯನ್ನು ತೆಗೆದುಕೊಂಡರು, ಆಮೇಲೆ 1951 ಮತ್ತು 1960ರ ಭದ್ರತಾ ಒಪ್ಪಂದಗಳಿಂದ ಅಲ್ಲೇ ಉಳಿದರು. ಈಗ ಅದು ಏಳನೇ ನೌಕಾದಳದ ಮನೆ. 1973ರಿಂದ ಒಂದು ವಿಮಾನವಾಹಕ ನೌಕೆ ಇಲ್ಲಿ ಕಾಯಂ ಬೀಡು ಬಿಟ್ಟಿರುತ್ತದೆ, 2008ರಿಂದ ಅಣುಶಕ್ತಿಯದ್ದು. ಈಗಿರುವುದು ಜಾರ್ಜ್ ವಾಷಿಂಗ್ಟನ್, 2024ರ ನವೆಂಬರಿನಲ್ಲಿ ಮತ್ತೆ ಬಂತು. ಅಣುಬಾಂಬ್ ತಿಂದ ದೇಶದ ಬಂದರಿನಲ್ಲಿ ಅಣುಶಕ್ತಿ ನೌಕೆ ಬೇಡ ಅಂತ ಸಭೆ ಮಾಡುವವರಿದ್ದಾರೆ. ಆ ಸಭೆಗಳೂ ಇದೇ ವೆರ್ನಿ ಪಾರ್ಕಿನಲ್ಲಿ ನಡೆದಿವೆ. ಇನ್ನೊಂದು ಕಡೆ ಊರಿನ ಹೋಟೆಲು, ಅಂಗಡಿ, ಕೆಲಸ ಎಷ್ಟೋ ಆ ನೆಲೆಯನ್ನೇ ನಂಬಿಕೊಂಡಿವೆ. ದೊಬುಯಿತಾ ಅನ್ನುವ ಬೀದಿಯಲ್ಲಿ ನಡೆದರೆ ಇದು ಗೊತ್ತಾಗುತ್ತದೆ. ಬೆನ್ನ ಮೇಲೆ ಹುಲಿ, ಹದ್ದು ಕಸೂತಿ ಮಾಡಿದ ಥಳಥಳ ಜಾಕೆಟ್ ಮಾರುವ ಅಂಗಡಿಗಳು, ಅಮೆರಿಕದ ಸಿಪಾಯಿಗಳು ನೆನಪಿಗೆ ಕೊಂಡೊಯ್ಯುತ್ತಿದ್ದ ಜಾಕೆಟ್ಟು ಈಗ ಊರಿನ ಗುರುತೇ ಆಗಿದೆ. ನನಗಂತೂ ಹೂವಿನ ಪಾತಿಯಿಂದ ತಲೆಯೆತ್ತಿದಾಗಲೆಲ್ಲ ಆ ಬೂದು ಹಡಗುಗಳು ಕಂಡು ಸ್ವಲ್ಪ ಇರುಸುಮುರುಸು ಆಗುತ್ತಿತ್ತು. ಪಕ್ಕದ ಬೆಂಚಿನಲ್ಲಿದ್ದ ಅಜ್ಜ ಮಾತ್ರ ನಿಶ್ಚಿಂತೆಯಾಗಿ ಬುತ್ತಿ ಬಿಚ್ಚಿ ಊಟ ಮಾಡುತ್ತಿದ್ದರು.

ಪ್ರ: ನಾವು ಶುದ್ಧ ಸಸ್ಯಾಹಾರಿಗಳು. ಯೊಕೊಸುಕಾದಲ್ಲಿ ಕರಿ ರೈಸ್ ಫೇಮಸ್ ಅಂತ ಕೇಳಿದೆ, ತಿನ್ನಬಹುದಾ?
— ನಿವೃತ್ತ ಬ್ಯಾಂಕ್ ನೌಕರ, ಚಿಂತಾಮಣಿ

ಉ: ತಿನ್ನುವ ಹಾಗಿಲ್ಲ ಸರ್. ನೌಕಾಪಡೆ ಕರಿ ಅಂದರೆ ದನ ಅಥವಾ ಕೋಳಿ ಮಾಂಸ ಹಾಕಿಯೇ ಮಾಡುವುದು. ಮಾಂಸ ತೆಗೆದು ಕೊಡಿ ಅಂದರೂ ಗೊಜ್ಜಿನಲ್ಲೇ ಅದರ ರಸ ಇರುತ್ತದೆ.

ಕಥೆ ಮಾತ್ರ ಕೇಳಿ. ನಮ್ಮ ಮಸಾಲೆ ಇಂಗ್ಲಿಷರ ಕೈಗೆ ಹೋಗಿ ಪುಡಿಯಾಗಿ, ಅವರ ನೌಕಾಪಡೆಯಿಂದ ಜಪಾನಿನ ನೌಕಾಪಡೆಗೆ ಹೋಯಿತು. ಆ ಕಾಲಕ್ಕೆ ಜಪಾನಿನ ನಾವಿಕರು ಬರೀ ಪಾಲಿಷ್ ಅಕ್ಕಿ ಅನ್ನ ತಿಂದು, ವಿಟಮಿನ್ ಕೊರತೆಯಿಂದ ಬರುವ ಬೆರಿಬೆರಿ ರೋಗದಲ್ಲಿ ಬೀಳುತ್ತಿದ್ದರು. ತಕಾಗಿ ಕನೆಹಿರೊ ಎಂಬ ನೌಕಾಪಡೆ ವೈದ್ಯ 1884ರಲ್ಲಿ ಒಂದು ಹಡಗಿನ ಊಟವನ್ನೇ ಬದಲಿಸಿ, ರೋಗ ಇಳಿಯುವುದನ್ನು ತೋರಿಸಿದ. ಮಾಂಸ, ಬಾರ್ಲಿ, ತರಕಾರಿ ಊಟಕ್ಕೆ ಸೇರಿದವು, ಅದಕ್ಕೆಲ್ಲ ಕರಿ ಚೆನ್ನಾಗಿ ಹೊಂದಿತು. ರಾಗಿಮುದ್ದೆ ತಿನ್ನುವ ನಮ್ಮ ಕಡೆಯವರು ಆ ಹಡಗಿನಲ್ಲಿದ್ದಿದ್ದರೆ ವೈದ್ಯರಿಗೆ ಅಷ್ಟು ಕಷ್ಟ ಇರುತ್ತಿರಲಿಲ್ಲ. 1908ರ ನೌಕಾಪಡೆ ಅಡುಗೆ ಪುಸ್ತಕದಲ್ಲಿ ಕರಿ ರೈಸ್ ಮಾಡುವ ಕ್ರಮ ಇದೆ. ಅದನ್ನೇ ಹಿಡಿದುಕೊಂಡು 1999ರಲ್ಲಿ ಯೊಕೊಸುಕಾ ತಾನು ಕರಿ ಊರು ಅಂತ ಸಾರಿಕೊಂಡಿತು. ಜೊತೆಗೆ ಸಲಾಡ್, ಒಂದು ಲೋಟ ಹಾಲು ಕೊಡಲೇಬೇಕು ಅಂತ ನಿಯಮ. ನೌಕೆಗಳಲ್ಲಿ ಈಗಲೂ ಶುಕ್ರವಾರ ಕರಿ.

ನಿಮಗೆ? ಬೆಳಿಗ್ಗೆ ಉಳಿದುಕೊಂಡ ಮನೆಯಿಂದಲೋ ಹೋಟೆಲಿನಿಂದಲೋ ಚಪಾತಿ, ಪುಳಿಯೋಗರೆ ಕಟ್ಟಿಕೊಂಡು ಹೋಗಿ. ಪಾರ್ಕಿನ ಬೆಂಚಿನಲ್ಲಿ ತಿನ್ನುವುದಕ್ಕೆ ಯಾರ ಅಡ್ಡಿಯೂ ಇಲ್ಲ. ಹದ್ದುಗಳ ಮೇಲೆ ಕಣ್ಣಿರಲಿ, ಆ ದಡದಲ್ಲಿ ಅವು ಕೈಯಲ್ಲಿರುವುದನ್ನೇ ಕಸಿದುಕೊಂಡು ಹೋಗುತ್ತವೆ. ಅಂಗಡಿಯಲ್ಲಿ ಕೊಳ್ಳುವುದಾದರೆ ಉಪ್ಪಿನಲ್ಲಿಟ್ಟ ಉಮೆ ಎಂಬ ಹುಳಿ ಕಾಯಿ ತುಂಬಿದ ಅನ್ನದ ಉಂಡೆ ಸಿಗುತ್ತದೆ. ಅದರಲ್ಲೂ ಮೀನಿನ ಸಾರದ ಅಂಶ ಇದೆಯಾ ಅಂತ ಫೋನಿನಲ್ಲಿ ಲೇಬಲ್ ಅನುವಾದ ಮಾಡಿ ನೋಡಿ. ಕಸ ಹಾಕಲು ಡಬ್ಬಿ ಹುಡುಕಬೇಡಿ, ಸಿಗುವುದು ಕಷ್ಟ. ಒಂದು ಕವರ್ ಇಟ್ಟುಕೊಂಡು ವಾಪಸ್ ತನ್ನಿ.

ಪ್ರ: ನಾನು ಕೆಜಿಎಫ್ ಗಣಿಯ ವರ್ಕ್‌ಶಾಪಿನಲ್ಲಿ ಫಿಟರ್ ಆಗಿದ್ದವನು. ಹೂವು ಹಡಗು ಬಿಡಿ, ಅಲ್ಲಿ ಮಷೀನು ಏನಾದರೂ ಇದೆಯಾ?
— ನಿವೃತ್ತ ಕಾರ್ಮಿಕ, ರಾಬರ್ಟ್‌ಸನ್‌ಪೇಟೆ

ಉ: ಇದೆ ಸಾರ್, ಅದನ್ನು ನೋಡುವುದಕ್ಕೆ ನಿಮ್ಮಂಥವರೇ ಹೋಗಬೇಕು. ಪಾರ್ಕಿನೊಳಗೇ ವೆರ್ನಿ ಸ್ಮಾರಕ ಮ್ಯೂಸಿಯಂ ಇದೆ, ಫ್ರಾನ್ಸಿನ ಬ್ರಿಟನಿ ಸೀಮೆಯ ಮನೆಗಳ ಹಾಗೆ ಕಡಿದಾದ ಮಾಡು. ಪ್ರವೇಶ ಉಚಿತ, ಸೋಮವಾರ ರಜೆ. ಒಳಗೆ ಎರಡು ಸ್ಟೀಮ್ ಹ್ಯಾಮರ್‌ಗಳಿವೆ (ಉಗಿಯ ಬಲದಿಂದ ಕಬ್ಬಿಣ ಬಡಿಯುವ ಸುತ್ತಿಗೆ), ಒಂದು ಅರ್ಧ ಟನ್ನಿನದ್ದು, ಇನ್ನೊಂದು 3 ಟನ್ನಿನದ್ದು. 1865ರಲ್ಲಿ ಹಾಲೆಂಡಿನಲ್ಲಿ ಮಾಡಿಸಿ ಹಡಗಿನಲ್ಲಿ ತಂದವು. ದೊಡ್ಡದಂತೂ ಮನುಷ್ಯನಿಗಿಂತ ಎಷ್ಟೋ ಎತ್ತರ, ಎರಡು ಕಾಲು ಅಗಲಿಸಿ ನಿಂತ ಕಬ್ಬಿಣದ ಚೌಕಟ್ಟು, ನಡುವೆ ಮೇಲಿಂದ ಬೀಳುವ ಸುತ್ತಿಗೆಯ ತಲೆ. ಅದರ ಮುಖದಲ್ಲಿ ಏಟು ಬಿದ್ದೂ ಬಿದ್ದೂ ಸವೆದ ಗುರುತು ಕಾಣುತ್ತದೆ. ಶೋಗುನ್ ಕಾಲದಲ್ಲಿ ಬಂದ ಆ ಹ್ಯಾಮರ್, ಜಪಾನ್ ನೌಕಾಪಡೆಯ ಕೈಯಿಂದ ಅಮೆರಿಕದ ನೆಲೆಯ ರಿಪೇರಿ ಶಾಪಿಗೆ ದಾಟಿ, 1990ರ ದಶಕದವರೆಗೂ ಕೆಲಸ ಮಾಡಿತು. ನಿಂತ ಮೇಲೆ ಗುಜರಿಗೆ ಹಾಕಲಿಲ್ಲ. ದೇಶದ ಮುಖ್ಯ ಸಾಂಸ್ಕೃತಿಕ ಆಸ್ತಿ ಅಂತ ಘೋಷಿಸಿ, ಅದಕ್ಕೊಂದು ಮನೆ ಕಟ್ಟಿ ಒಳಗೆ ಇಟ್ಟರು. ವೆರ್ನಿ ಕಾಲದಲ್ಲಿ, 1871ರಲ್ಲಿ ಮುಗಿದ ಒಂದನೇ ಡ್ರೈಡಾಕ್ (ನೀರು ಖಾಲಿ ಮಾಡಿ ಹಡಗು ರಿಪೇರಿ ಮಾಡುವ ಕಟ್ಟೆ) ಎದುರು ದಡದ ನೆಲೆಯೊಳಗೆ ಈಗಲೂ ಬಳಕೆಯಲ್ಲಿದೆ. ಕಲ್ಲಿನ ಕಟ್ಟಡ.

ಕೆಜಿಎಫ್‌ಗೆ 1902ರಲ್ಲಿ ಶಿವನಸಮುದ್ರದಿಂದ ಕರೆಂಟ್ ಬಂದದ್ದು, ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿದದ್ದು, 2001ರಲ್ಲಿ ಬಾಗಿಲು ಹಾಕಿದ್ದು ಇವೆಲ್ಲ ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಅಲ್ಲಿ ಗಣಿಯೊಳಗೆ ಜನರನ್ನು ಇಳಿಸಿ ಎತ್ತುತ್ತಿದ್ದ ವೈಂಡಿಂಗ್ ಎಂಜಿನ್ನುಗಳ ಮುಂದೆ ನಿಂತು ನಿಮ್ಮಂಥ ಒಬ್ಬ ಫಿಟರ್ ಮಕ್ಕಳಿಗೆ ವಿವರಿಸುವ ಒಂದು ಜಾಗ ನಮ್ಮಲ್ಲೂ ಆಗಬೇಕಿತ್ತು. ಆಗಲಿಲ್ಲ, ಚಿನ್ನ ತೆಗೆದು ಉಳಿದ ಮಣ್ಣಿನ ಸೈನೈಡ್ ದಿಬ್ಬದ ಮುಂದೆ ಸೆಲ್ಫಿ ಮಾತ್ರ ಆಯಿತು. ನೀವು ವರ್ಕ್‌ಶಾಪಿನ ಬಗ್ಗೆ ಬರೆದು ಕಳಿಸಿದರೆ ಪ್ರಕಟಿಸುತ್ತೇವೆ, ಕೈಬರಹದಲ್ಲಿದ್ದರೂ ಪರವಾಗಿಲ್ಲ.

ಪ್ರ: ಒಂದೇ ದಿನದಲ್ಲಿ ಕಾಮಾಕುರಾದ ದೊಡ್ಡ ಬುದ್ಧ ಮತ್ತು ಈ ಪಾರ್ಕ್ ಎರಡೂ ಆಗುತ್ತಾ?
— ಐಟಿ ಉದ್ಯೋಗಿ, ದೊಡ್ಡಬಳ್ಳಾಪುರ ರಸ್ತೆ, ಚಿಕ್ಕಬಳ್ಳಾಪುರ

ಉ: ಆರಾಮಾಗಿ ಆಗುತ್ತದೆ, ಎರಡೂ ಊರು ಒಂದೇ ಯೊಕೊಸುಕಾ ಲೈನಿನಲ್ಲಿವೆ. ಬೆಳಿಗ್ಗೆ ಪಾರ್ಕು, ಬೋಟು ಮುಗಿಸಿ ಮಧ್ಯಾಹ್ನ ಕಾಮಾಕುರಾಕ್ಕೆ ಹೋಗಿ. ಹೆಚ್ಚಿನವರು ಉಲ್ಟಾ ಮಾಡಿ, ಕಾಮಾಕುರಾದ ಬೀದಿಗಳಲ್ಲಿ ಹೊತ್ತು ಕಳೆದು, ಪಾರ್ಕಿಗೆ ಬರುವಷ್ಟರಲ್ಲಿ ಬೋಟು ಮುಗಿದಿರುತ್ತದೆ. ಎರಡು ಊರಿನ ನಡುವೆ ಟ್ರೇನಿನಲ್ಲಿ ಕಾಲು ಗಂಟೆಯ ದಾರಿ. ಬಹಳಷ್ಟು ಟ್ರೇನುಗಳು ಜುಶಿ ಅನ್ನುವ ಸ್ಟೇಷನ್ನಿನಲ್ಲೇ ನಿಂತುಬಿಡುತ್ತವೆ, ಅಲ್ಲಿ ಇಳಿದು ಕುರಿಹಾಮಾ ಕಡೆಯ ಟ್ರೇನ್ ಹತ್ತಬೇಕು. ಆ ಗಾಡಿ ಚಿಕ್ಕದು, ಪ್ಲಾಟ್‌ಫಾರಂನ ತುದಿಯಲ್ಲಿ ನಿಂತುಕೊಂಡಿದ್ದರೆ ಓಡಬೇಕಾಗುತ್ತದೆ. ನಡುವೆಯೇ ನಿಲ್ಲಿ.